ನಲವತ್ತೊಂದು ಮನೆಗೆ ಒಂದೇ ಕುರ್ಚಿ

ಕ್ರಿ.ಶ. ೨೧೬೮, ಫೆಬ್ರುವರಿ ಮೂವತ್ತು
ಮಂಡಕ್ಕಿ ಭಟ್ಟಿ ಸಾಲು

ಹಿಂದಿನವರಿಗೆ ಮುಂದಿನವನ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೂಲಿಯ ಲೆಕ್ಕ ಸಲೀಸಾಗಲೆಂದು ಮಾಲೀಕರ ಒಕ್ಕೂಟ ಕೇಳಿಕೊಂಡಿತು, ಸರ್ಕಾರ ಒಪ್ಪಿಕೊಂಡಿತು. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ಹೆಸರಿಲ್ಲ. ಹೆಸರಿಲ್ಲದ ದಿನಕ್ಕೆ ಕೂಲಿಯಿಲ್ಲ, ಹಸಿವಿಗೆ ಮಾತ್ರ ರಜೆಯಿಲ್ಲ. ಸೂರ್ಯ ಆ ಐದು ದಿನವೂ ತಪ್ಪದೆ ಹುಟ್ಟುತ್ತಾನೆ. ಅವನಿಗೆ ಯಾರೂ ಸುತ್ತೋಲೆ ಕಳಿಸಿದಂತಿಲ್ಲ.

ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕನ್ನಡ ನಮಗೆ ಹಳಗನ್ನಡ. ನಾನು ಕನ್ನಡ ಮಾಧ್ಯಮದಲ್ಲೇ ಬಿ.ಎ. ಮಾಡಿದವನು, ಎರಡನೆಯ ವರ್ಷದಲ್ಲಿ ನಿಮ್ಮ ಕಾಲದ ಕನ್ನಡಕ್ಕೆಂದೇ ಒಂದು ಪತ್ರಿಕೆ ಇತ್ತು. ಮದುವೆಯ ಕರೆಯೋಲೆ, ಬಸ್ ನಿಲ್ದಾಣದ ಫಲಕ, ಚುನಾವಣೆಯ ಕರಪತ್ರ, ಇವು ಪಠ್ಯ. ಮೂರರಲ್ಲೂ ಭರವಸೆಯೇ ಹೆಚ್ಚು. ನನಗೆ ಐವತ್ತಕ್ಕೆ ಮೂವತ್ತೆಂಟು ಬಂದಿತ್ತು, ಆ ಮೂವತ್ತೆಂಟರ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಒಂದು ವಾಕ್ಯದ ಬಾಲ ಇನ್ನೊಂದರ ಬಾಲಕ್ಕೆ ಎಲ್ಲಾದರೂ ತಾಗಿದರೆ ಅದು ನನ್ನ ಪ್ರಾಸದ ಚಟ, ನಿಮ್ಮ ಕಿವಿಯ ದೋಷವಲ್ಲ. ನಲವತ್ತಾರು ವರ್ಷವಾಯಿತು, ಇನ್ನು ಬಿಡುವ ಚಟವಲ್ಲ.

ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆಯೆಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಇಲಾಖೆ. ಹೇಗೆ ಒಯ್ಯುತ್ತದೆಂದು ಕೇಳಬೇಡಿ, ನಾನು ಕಲಾ ವಿಭಾಗದವನು. ಇದುವರೆಗೆ ಹೋದ ಯಾವ ಕಾಗದದಿಂದಲೂ ಏನೂ ಬದಲಾಗಿಲ್ಲವೆಂದು ಎರಡು ಸಮಿತಿಗಳು ಖಾತ್ರಿ ಮಾಡಿಕೊಂಡ ಮೇಲೆಯೇ ಇದನ್ನು ಸಾರ್ವಜನಿಕರಿಗೆ ತೆರೆದದ್ದು. ಆದ್ದರಿಂದ ನೀವು ಓದಿ ಏನಾದರೂ ಮಾಡುತ್ತೀರೆಂಬ ಆಸೆ ನನಗಿಲ್ಲ. ಮಾಡಿದ್ದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ಊರಿಗೆ ಈಗ ಹೆಸರಿಲ್ಲ, ಸಂಖ್ಯೆಯಿದೆ. ಹತ್ತಿರದ ಹೊಳೆ ತುಂಗಭದ್ರೆ ಎಂದರೆ ನಿಮಗೆ ದಿಕ್ಕು ತಿಳಿದೀತು. ಬಿಸಿಲು ನಿಮ್ಮದಕ್ಕಿಂತ ಜೋರು. ಪೇಟೆಯ ಬೀದಿಗಳಿಗೆ ಉದ್ದಕ್ಕೂ ಬಟ್ಟೆಯ ಚಾವಣಿ ಎಳೆದಿದ್ದಾರೆ, ಅದರ ಕೆಳಗೆ ನಡೆಯಲು ನೆರಳುಬಾಡಿಗೆ ಕಟ್ಟಬೇಕು. ಕಟ್ಟಲಾಗದವರು ಪಕ್ಕದಲ್ಲೇ ಬಿಸಿಲಿನಲ್ಲಿ ನಡೆಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ನೆರಳಿನವರೂ ಬಿಸಿಲಿನವರೂ ಒಬ್ಬರಿಗೊಬ್ಬರು ಮಾತಾಡಿಕೊಂಡೇ ಹೋಗುತ್ತಾರೆ. ಐದನೆಯ ತರಗತಿಯ ಸಮಾನತೆಯ ಪಾಠದಲ್ಲಿ ಈ ದೃಶ್ಯದ ಬಣ್ಣದ ಚಿತ್ರವಿದೆ. ನಮ್ಮ ಸಾಲಿನಲ್ಲಿ ಚಾವಣಿ ಇಲ್ಲ. ನಲವತ್ತೊಂದು ಮನೆಗಳಿವೆ, ಅವುಗಳ ಬೆನ್ನಿಗೆ ಒಂದು ಸಂದಿ ಇದೆ. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಕುಟ್ಟಿ, ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವುದು ಕಸುಬು. ಯಂತ್ರ ಬಂದು ಎಷ್ಟೋ ಕಾಲವಾಗಿದೆ, ಆದರೆ ಕೈಯಲ್ಲಿ ಹುರಿದದ್ದಕ್ಕೆ ರುಚಿ ಬೇರೆಯೆಂದು ಉಳ್ಳವರು ಕಂಡುಹಿಡಿದ ಮೇಲೆ ಕಸುಬಿಗೆ ಮರುಜೀವ ಬಂತು. ಈಗ ಕೈಮಂಡಕ್ಕಿ ತುಟ್ಟಿ, ಯಂತ್ರದ್ದು ಸೋವಿ. ನಾವು ಹುರಿಯುವುದು ತುಟ್ಟಿಯದು, ತಿನ್ನುವುದು ಸೋವಿಯದು. ನಾನು ಹುರಿಯುವುದಿಲ್ಲ. ಕಚೇರಿಗಳ ಮುಂದೆ ಕೂತು ಅಕ್ಷರ ಬಾರದವರಿಗೆ ಅರ್ಜಿ ಬರೆದುಕೊಡುತ್ತೇನೆ. ಸಾಲಿನಲ್ಲಿ ನನ್ನ ಹೆಸರು ಮರೆತು ‘ಬಿಯ್ಯೆ’ ಎನ್ನುತ್ತಾರೆ. ಓದಿನ ಮೇಲಿನ ಗೌರವದಿಂದಲೋ, ಓದಿಯೂ ಹೀಗಾದನೆಂಬ ಕನಿಕರದಿಂದಲೋ, ನಾನು ವಿಚಾರಿಸಲು ಹೋಗಿಲ್ಲ.

ಇನ್ನು ವಿಷಯಮನೆಯ ಸಂಗತಿ. ಶಾಸನಸಭೆ ಯಾವ ಯಾವ ವಿಷಯ ಮಾತಾಡಬಹುದೆಂದು ಪಟ್ಟಿ ಮಾಡುವ ಕಚೇರಿಗೆ ನಮ್ಮಲ್ಲಿ ಹಾಗೆ ಹೆಸರು. ಪಟ್ಟಿಯಲ್ಲಿದ್ದರೆ ವಿಷಯ, ಇಲ್ಲದಿದ್ದರೆ ವಿಷಾದ. ಅದರ ಜೊತೆಗೆ ಇನ್ನೊಂದು ಪಟ್ಟಿಯಿದೆ, ಮುಗಿದ ಮಾತುಗಳದು. ಹನ್ನೊಂದು ವರ್ಷದ ಹಿಂದೆ ಅದಕ್ಕೆ ‘ಬಡತನ’ ಸೇರಿತು. ಸಿಡುಬು, ಪ್ಲೇಗು, ಬಡತನ ಎಂದು ಒಂದೇ ಸಾಲಿನಲ್ಲಿ ಅಚ್ಚಾಯಿತು. ಆ ದಿನ ಶಾಲೆಗಳಲ್ಲಿ ಮೈಸೂರುಪಾಕು ಹಂಚಿದರು. ನಮ್ಮ ಸಾಲಿನ ಮಕ್ಕಳು ಅರ್ಧ ತಿಂದು ಅರ್ಧ ಮನೆಗೆ ತಂದರು. ಆ ಪದಕ್ಕೆ ನಿಷೇಧವಿಲ್ಲ, ನಿವೃತ್ತಿ ಅಷ್ಟೆ. ಹಾಡಿನಲ್ಲಿ ಬಳಸಬಹುದು, ನಾಟಕದಲ್ಲಿ ಬಳಸಬಹುದು, ಕವಿತೆಯಲ್ಲಿ ಬಳಸಿದರೆ ಬಹುಮಾನವೂ ಉಂಟು. ಸಭೆಯಲ್ಲಿ ಎತ್ತುವಂತಿಲ್ಲ, ಕಚೇರಿಯಲ್ಲಿ ಕಡತ ತೆರೆಯುವಂತಿಲ್ಲ. ದಾಖಲೆಗಳಲ್ಲಿ ನಮ್ಮನ್ನು ಸರಳಜೀವಿಗಳು ಎನ್ನುತ್ತಾರೆ. ವರ್ಷಕ್ಕೊಮ್ಮೆ ಅತ್ಯಂತ ಸರಳ ಕುಟುಂಬಕ್ಕೆ ಸನ್ಮಾನವಿದೆ, ಶಾಲು ಹೊದಿಸುತ್ತಾರೆ. ಸಭೆ ಮುಗಿದ ಮೇಲೆ ಶಾಲನ್ನು ಹಿಂದಿರುಗಿಸಬೇಕು, ಇಟ್ಟುಕೊಂಡರೆ ಸರಳತೆ ಕೆಡುತ್ತದೆ.

ಪದ ನಿವೃತ್ತಿಯಾದರೆ ಯಾರ ಗಂಟು ಹೋಯಿತು ಎಂದು ನಾನೂ ಅಂದುಕೊಂಡಿದ್ದೆ. ಮರುವಾರ ತಿಳಿಯಿತು. ನಮ್ಮ ಸಾಲಿನ ಕೊನೆಗೆ ಸರ್ಕಾರಿ ಶಾಲೆ, ಅದರ ಹಿಂದೆ ಬಿಸಿಯೂಟದ ಅಡುಗೆಮನೆ. ಅಲ್ಲಿ ನೂರ ಹನ್ನೆರಡು ಮಕ್ಕಳಿಗೆ ಅನ್ನ ಸಾರು ಬೇಯಿಸುತ್ತಿದ್ದವಳು ಕೆಂಚವ್ವ. ಗಂಡ ತೀರಿದ ಮೇಲೆ ಅದೇ ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತವಳು. ಯಾವ ಮಗುವಿಗೆ ಎರಡನೆಯ ಸಲ ಬಡಿಸಬೇಕೆಂದು ಮುಖ ನೋಡಿಯೇ ತಿಳಿಯುವವಳು. ಆ ಅಡುಗೆಮನೆ ನಡೆಯುತ್ತಿದ್ದುದು ‘ಬಡತನ’ ಎಂಬ ಶೀರ್ಷಿಕೆಯ ಕೆಳಗೆ. ಶೀರ್ಷಿಕೆ ಅಳಿಸಿದರು, ಅದರ ಕೆಳಗಿದ್ದ ಒಲೆ ಆರಿತು. ಬೀಗ ಹಾಕಲು ಬಂದವರು ತುಂಬ ಮರ್ಯಾದಸ್ಥರು. ಅಡುಗೆಮನೆಯನ್ನು ಮುಚ್ಚುತ್ತಿಲ್ಲ, ಅದು ಇರಬೇಕಾದ ಕಾರಣ ಮುಗಿದಿದೆ ಎಂದು ವಿವರಿಸಿದರು. ಊಟದ ಗಂಟೆಗೆ ‘ವಿಶ್ರಾಂತಿ’ ಎಂದು ಹೊಸ ಹೆಸರಿಟ್ಟರು. ಆ ಹೊತ್ತಿನಲ್ಲಿ ಮಕ್ಕಳು ತರಗತಿಯ ನೆಲದ ಮೇಲೆ ಮಲಗುತ್ತಾರೆ. ಬೋರಲು ಮಲಗಿದರೆ ಹಸಿವು ಕಡಿಮೆಯೆಂದು ದೊಡ್ಡ ಮಕ್ಕಳು ಸಣ್ಣವರಿಗೆ ಹೇಳಿಕೊಡುತ್ತಾರೆ. ಶಾಲೆಯಲ್ಲಿ ಕಲಿತದ್ದರಲ್ಲಿ ಅದೊಂದನ್ನು ಅವರು ಮರೆಯಲಿಕ್ಕಿಲ್ಲ.

ಕೆಂಚವ್ವ ಬೀಗ ಬಿದ್ದ ಮೇಲೂ ದಿನಾ ಹನ್ನೊಂದಕ್ಕೆ ಹೋಗಿ ಆ ಮೆಟ್ಟಿಲ ಮೇಲೆ ಕೂತಳು. ಒಂದು ತಿಂಗಳು ಕೂತು ನನ್ನ ಹತ್ತಿರ ಬಂದಳು. ಬಾಗಿಲು ತೆಗೆಸಲು ಅರ್ಜಿ ಬರೆದೆ. ನಾಲ್ಕು ವರ್ಷದಲ್ಲಿ ಏಳು ಕಚೇರಿಗೆ ಏಳು ಅರ್ಜಿ, ಏಳಕ್ಕೂ ಒಂದೇ ಉತ್ತರ: ವಿಷಯವು ಪಟ್ಟಿಯಲ್ಲಿಲ್ಲ. ಏಳನೆಯದನ್ನು ಓದಿ ಹೇಳಿದಾಗ ಆಕೆ ಅಳಲಿಲ್ಲ, ಬೈಯಲಿಲ್ಲ. ನನ್ನನ್ನೇ ಪರೀಕ್ಷೆಗೆ ಕೂರಿಸಿದಂತೆ ಕೇಳಿದಳು.

“ಪಟ್ಟ್ಯಾಗ ಇಲ್ಲಂದ್ರ ಪಟ್ಟಿಗೆ ಹಾಕ್ಸೋದು ಹೆಂಗ, ಅದನ್ನ ಹೇಳು ಬಿಯ್ಯೆ. ಓದೀಯಲ್ಲ.”

ಹಾಕಿಸುವ ದಾರಿಯೊಂದಿತ್ತು. ಅದಕ್ಕೆ ನಿಲುಸಹಿ ಎನ್ನುತ್ತಾರೆ. ಕಾಗದದ ಮೇಲಿನ ಸಹಿಗೆ ನಮ್ಮಲ್ಲಿ ಬೆಲೆಯಿಲ್ಲ, ಅದನ್ನು ಯಂತ್ರವೂ ಹಾಕುತ್ತದೆ. ಒಂದು ವಿಷಯ ಪಟ್ಟಿಗೆ ಸೇರಬೇಕಾದರೆ ಐದು ಸಾವಿರ ನಾಗರಿಕರು ವಿಷಯಮನೆಯ ಮೈದಾನದಲ್ಲಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ನಿಲ್ಲಬೇಕು. ಕೂರುವಂತಿಲ್ಲ, ಒಬ್ಬರ ಬದಲಿಗೆ ಒಬ್ಬರು ಬರುವಂತಿಲ್ಲ. ತುಂಬ ನ್ಯಾಯವಾದ ಕಾನೂನು. ನೆರಳುಬಾಡಿಗೆ ಹೆಚ್ಚಾಯಿತೆಂದು ಪೇಟೆಯವರು ನಿಂತಾಗ ಒಂದೇ ದಿನದಲ್ಲಿ ಆರು ಸಾವಿರ ಜನ ಸೇರಿದ್ದರು, ಅವರಿಗೆ ಸಂಬಳದ ರಜೆಯಿತ್ತು. ಕೂಲಿಯವರು ಒಂದು ದಿನ ನಿಂತರೆ ಎರಡು ದಿನ ಉಪವಾಸ. ಬಡತನದ ಬಗ್ಗೆ ನಿಲ್ಲಬೇಕಾದವರಿಗೆ ನಿಲ್ಲಲು ಪುರುಸೊತ್ತಿಲ್ಲ, ನಿಲ್ಲಲು ಪುರುಸೊತ್ತಿದ್ದವರಿಗೆ ಬಡತನವಿಲ್ಲ.

ಮೊದಲನೆಯ ವರ್ಷ ಸಾವಿರದ ಚಿಲ್ಲರೆ ಜನ ಬಂದರು, ಮಧ್ಯಾಹ್ನದ ಬಿಸಿಲಿಗೆ ಮುನ್ನೂರು ಉಳಿದರು. ಎರಡನೆಯ ವರ್ಷ ಮೂರು ಸಾವಿರ ದಾಟಿತು, ಆದರೆ ಭಟ್ಟಿಯ ಮಾಲೀಕರು ಅದೇ ದಿನಕ್ಕೆ ದುಪ್ಪಟ್ಟು ಕೂಲಿ ಸಾರಿದರು. ಯಾರನ್ನು ಬೈಯುವುದು? ವರ್ಷದಲ್ಲಿ ಆ ಒಂದೇ ದಿನ ನಮ್ಮವರು ಹೊಟ್ಟೆ ತುಂಬ ಉಂಡರು. ನಾನು ಘೋಷಣೆ ಬರೆದೆ. ‘ಪದವ ಮರಳಿ ಪಟ್ಟಿಗೆ ತನ್ನಿ, ಮಕ್ಕಳ ತಟ್ಟೆಗೆ ಅನ್ನವ ತನ್ನಿ’ ಎಂಬುದು ಸ್ವಲ್ಪ ಹೆಸರು ಮಾಡಿತು. ವಿಷಯಮನೆಯ ಅಧಿಕಾರಿಗಳೇ ಪ್ರಾಸಕ್ಕೆ ತಲೆದೂಗಿದರಂತೆ. ಕೆಂಚವ್ವನ ಪಕ್ಕದ ಮನೆಯ ಹುಲಿಗೆಮ್ಮ ಮಾತ್ರ ನನ್ನ ಪ್ರಾಸದ ಮೇಲೆ ಎರಡು ಹಿಡಿ ಮಂಡಕ್ಕಿ, ಒಂದು ಮೆಣಸಿನಕಾಯಿ ಇದ್ದಿದ್ದರೆ ಊಟವೇ ಆಗುತ್ತಿತ್ತೆಂದು ಎಲ್ಲರ ಮುಂದೆ ಹೇಳಿ ನಗಿಸಿದಳು. ಕೆಂಚವ್ವ ಘೋಷಣೆ ಕೂಗಲಿಲ್ಲ. ಮನೆಮನೆಗೆ ಹೋಗಿ, ಈ ಮನೆಯಿಂದ ಯಾರು ನಿಲ್ಲುತ್ತೀರಿ, ಅವರ ಪಾಲಿನ ಭತ್ತ ಯಾರು ಕುಟ್ಟುತ್ತೀರಿ ಎಂದು ಜೋಡಿ ಮಾಡಿದಳು. ಒಬ್ಬರು ನಿಂತರೆ ಇನ್ನೊಬ್ಬರು ಅವರ ಕೆಲಸವನ್ನೂ ಎಳೆಯುವುದು. ಆ ಜೋಡಣೆ ನಮ್ಮ ಸಾಲಿನಿಂದ ಬೀಡಿ ಕಟ್ಟುವವರ ಕೇರಿಗೆ, ಅಲ್ಲಿಂದ ಹೊಳೆಯಾಚೆಯ ಇಟ್ಟಿಗೆ ಗೂಡಿನವರಿಗೆ ಹಬ್ಬಿತು. ಮೂರನೆಯ ವರ್ಷ ಸೂರ್ಯ ಮುಳುಗಿದಾಗ ಮೈದಾನದಲ್ಲಿ ಐದು ಸಾವಿರದ ಹನ್ನೆರಡು ಜನ ನಿಂತಿದ್ದೆವು. ನಮ್ಮ ಕ್ಷೇತ್ರದ ಸದಸ್ಯರು ಬಂದು ನಮ್ಮ ಶಿಸ್ತನ್ನು ಕೊಂಡಾಡಿದರು. ವಿಷಯದ ಬಗ್ಗೆ ಮಾತಾಡಲಿಲ್ಲ, ಅದು ಇನ್ನೂ ಪಟ್ಟಿಯಲ್ಲಿರಲಿಲ್ಲವಲ್ಲ. ಆ ಸಂಜೆಯ ಕುರಿತು ಇನ್ನೂ ಬರೆಯಬಹುದು. ನನ್ನ ಆಯುಸ್ಸಿನಲ್ಲಿ ನಾವು ಗೆದ್ದ ಸಂಜೆ ಅದೊಂದೇ ಆದ್ದರಿಂದ ಬರೆಯಲು ಹೆದರಿಕೆಯಾಗುತ್ತದೆ.

ನಿಲುಸಹಿಯಾದ ಮೇಲೆ ಒಂದೇ ಮೆಟ್ಟಿಲು ಬಾಕಿ. ಎತ್ತಿದ ವಿಷಯ ನಿಜವಾಗಿ ಇದೆಯೇ ಎಂದು ನೋಡಲು ಕಣ್ಸಾಕ್ಷಿ ಬರುತ್ತಾರೆ. ಅದು ಹುದ್ದೆಯ ಹೆಸರು. ಅವರು ಒಂದು ಬೀದಿಯನ್ನು ಆರಿಸಿ, ಮನೆಮನೆಯ ಒಳಗೆ ಕೂತು, ಕಂಡದ್ದನ್ನು ನಮೂನೆಯಲ್ಲಿ ತುಂಬಿ ಹೋಗುತ್ತಾರೆ. ಕಂಡರೆ ವಿಷಯ ಪಟ್ಟಿಗೆ. ಕಾಣದಿದ್ದರೆ ಮೂವತ್ತು ವರ್ಷ ಅದನ್ನು ಮತ್ತೆ ಎತ್ತುವಂತಿಲ್ಲ. ನಮ್ಮ ಸಾಲನ್ನೇ ಆರಿಸಿದ್ದಾರೆಂದು ತಿಳಿದಾಗ ಗೆದ್ದೆವೆಂದುಕೊಂಡೆವು. ನಮ್ಮ ಸಾಲಿನಲ್ಲಿ ಬಡತನ ಹುಡುಕಲು ಕಣ್ಣು ಕೂಡ ಬೇಕಿರಲಿಲ್ಲ. ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನಾನು ತಿಳಿಸಿ ಹೇಳಿದೆ: ಏನನ್ನೂ ಮಾಡಬೇಡಿ, ಇದ್ದದ್ದು ಇದ್ದ ಹಾಗೆ ಇರಲಿ, ಕೇಳಿದ್ದಕ್ಕೆ ಇದ್ದ ಹಾಗೆ ಹೇಳಿ. ಎಲ್ಲರೂ ತಲೆಯಾಡಿಸಿದರು. ಮನೆಗೆ ಹೋಗಿ ಎಲ್ಲರೂ ನೆಲ ಸಾರಿಸಿದರು.

ನಮ್ಮವರನ್ನು ನೀವು ತಿಳಿಯಬೇಕು. ಮನೆಗೆ ಬಂದವರಿಗೆ ಕೂರಲು ಏನಾದರೂ ಹಾಕದೆ, ಕುಡಿಯಲು ಏನಾದರೂ ಕೊಡದೆ ಮಾತು ಆಡುವುದು ನಮ್ಮಲ್ಲಿಲ್ಲ. ಮನೆಯಲ್ಲಿ ಇಲ್ಲದ್ದನ್ನು ಪಕ್ಕದ ಮನೆಯಿಂದ ತರುವುದು, ಅಲ್ಲಿ ಇಲ್ಲದ್ದನ್ನು ಅದರಾಚೆಯ ಮನೆಯಿಂದ ತರುವುದು. ಹೆಣ್ಣು ನೋಡಲು ಬಂದಾಗ, ಬೀಗರು ಬಂದಾಗ ನಮ್ಮ ಸಾಲು ಯಾವಾಗಲೂ ಹೀಗೆಯೇ ದಾಟಿಕೊಂಡು ಬಂದಿದೆ. ಹಾಗೆ ತಂದ ವಸ್ತುವನ್ನು ಬಂದವರ ಎದುರು ಗುರುತಿಸಬಾರದೆಂಬುದು ಯಾರೂ ಬರೆಯದ ಕಟ್ಟಳೆ. ಕಣ್ಸಾಕ್ಷಿಯಾಗಿ ಬಂದವರು ಚಾರುಮತಿ ಎಂಬ ಐವತ್ತರ ಹೆಂಗಸು. ಬಿಸಿಲಿನಲ್ಲಿ ನಡೆದೇ ಬಂದರು, ಮುಖ ಕೆಂಪಾಗಿತ್ತು. ಮೊದಲನೆಯ ಮನೆ ದಾದಾಪೀರನದು. ಅವನ ಮನೆಯಲ್ಲೊಂದು ತೇಗದ ಕುರ್ಚಿಯಿತ್ತು. ಮಗಳ ಮದುವೆಗೆಂದು ಮಾಡಿಸಿದ್ದು. ಒಂದೇ ಕುರ್ಚಿ ಕೊಟ್ಟರೆ ಅವಮಾನ, ಕೊಟ್ಟರೆ ಎರಡು ಕೊಡಿ ಎಂದು ಅಳಿಯ ಅದನ್ನು ಇಲ್ಲೇ ಬಿಟ್ಟುಹೋಗಿದ್ದ. ಕಣ್ಸಾಕ್ಷಿ ಅದರಲ್ಲಿ ಕೂತರು, ಬರೆದರು, ಎದ್ದರು. ಎರಡನೆಯ ಮನೆಯವರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದರು. ಅವರ ಮನೆಯಲ್ಲಿ ಇದ್ದದ್ದು ಹರಿದ ಚಾಪೆ.

ಹಿಂದಿನ ಸಂದಿಯಿಂದ ಆ ಕುರ್ಚಿ ಎರಡನೆಯ ಮನೆಗೆ ಹೋಯಿತು. ಕಣ್ಸಾಕ್ಷಿ ಮುಂಬಾಗಿಲಿನಿಂದ ಬರುವುದರೊಳಗೆ ಅದು ಹಿಂಬಾಗಿಲಿನಿಂದ ಬಂದು ಅವರಿಗಾಗಿ ಕಾಯುತ್ತಿತ್ತು. ಆಮೇಲೆ ಮೂರನೆಯ ಮನೆ, ನಾಲ್ಕನೆಯ ಮನೆ. ಒಂದು ಮನೆಗೆ ಕುರ್ಚಿ ಹಾಕಿ ಪಕ್ಕದ ಮನೆಗೆ ಹಾಕದಿದ್ದರೆ ಪಕ್ಕದ ಮನೆಯವರು ಏನಾಗಬೇಕು? ಕುರ್ಚಿಯ ಹಿಂದೆ ಹುಲಿಗೆಮ್ಮನ ಆರು ಸ್ಟೀಲು ಲೋಟ ಹೊರಟವು, ಲೋಟದ ಹಿಂದೆ ಇನ್ನಾರದೋ ಹೂವಿನ ಅಂಚಿನ ಹಾಸಿಗೆಹೊದಿಕೆ ಹೊರಟಿತು. ಒಂಬತ್ತನೆಯ ಮನೆಯ ಹಿಂದೆ ನಾನು ಹುಲಿಗೆಮ್ಮನನ್ನು ತಡೆದು, ಇದೇನು ಮಾಡುತ್ತಿದ್ದೀರಿ, ಅಡುಗೆಮನೆಯ ಬಾಗಿಲಿಗೆ ನೀವೇ ಇನ್ನೊಂದು ಬೀಗ ಹಾಕುತ್ತಿದ್ದೀರಿ ಎಂದೆ. ಆಕೆಗೆ ಅರ್ಥವಾಗದೆ ಇರಲಿಲ್ಲ.

“ಗೊತ್ತೈತಿ ಬಿಯ್ಯೆ. ಆದ್ರ ಆಯಮ್ಮ ಬಿಸಿಲಾಗ ಬಂದಾಳ, ನಮ್ಮ ಮನ್ಯಾಗ ನೆಲಕ್ಕ ಕುಂದ್ರಬೇಕೇನು? ಮಾತಾಡಬ್ಯಾಡ, ಆ ಕಡೆ ಹಿಡಿ.”

ಆ ಕಡೆ ಹಿಡಿದೆ. ಒಂಬತ್ತರಿಂದ ಹತ್ತನೆಯ ಮನೆಗೆ ಆ ಕುರ್ಚಿಯನ್ನು ಹೊತ್ತವರಲ್ಲಿ ನಾನೂ ಒಬ್ಬ. ಹದಿನೇಳನೆಯ ಮನೆ ನನ್ನದೇ. ನಮೂನೆಯ ಕೊನೆಯಲ್ಲಿ ಮನೆಯವರ ಸ್ವಂತ ಹೇಳಿಕೆಗೆಂದು ಒಂದು ಖಾಲಿ ಸಾಲಿತ್ತು. ಕಣ್ಸಾಕ್ಷಿ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಮೂರು ವರ್ಷ ಊರಿಗೆಲ್ಲ ಘೋಷಣೆ ಬರೆದುಕೊಟ್ಟವನು ಹೇಳಿದ್ದು ಇದು: ಚೆನ್ನಾಗಿದ್ದೇವೆ, ತಮ್ಮ ದಯೆಯಿಂದಿದ್ದೇವೆ. ಪ್ರಾಸ ತಪ್ಪಲಿಲ್ಲ.

ಕೊನೆಯ ಮನೆ ಕೆಂಚವ್ವನದು. ಅಲ್ಲಿಗೆ ಬರುವಾಗ ಮಧ್ಯಾಹ್ನ ದಾಟಿತ್ತು. ಮೂರು ಮನೆಯ ಅಕ್ಕಿ ಸೇರಿಸಿ ಆಕೆ ಅನ್ನ ಮಾಡಿದ್ದಳು, ಸಾರು ಮಾಡಿದ್ದಳು. ಎಷ್ಟೋ ವರ್ಷದ ಮೇಲೆ ಆಕೆಯ ಕೈಯ ಸಾರಿನ ವಾಸನೆ ಸಾಲಿಗೆಲ್ಲ ಬಂದಿತ್ತು. ಹುಲಿಗೆಮ್ಮ, ದಾದಾಪೀರ, ನಾನು, ಇನ್ನೂ ಹತ್ತಾರು ಜನ ಬಾಗಿಲಲ್ಲಿ ನಿಂತಿದ್ದೆವು. ಕಣ್ಸಾಕ್ಷಿ ಕುರ್ಚಿಯಲ್ಲಿ ಕೂತು ಅದರ ಬಲಗೈಯನ್ನು ಬೆರಳಿನಿಂದ ಸವರಿದರು. ಭಟ್ಟಿಯ ಕಿಡಿ ಬಿದ್ದು ಅಲ್ಲೊಂದು ಸುಟ್ಟ ಕಲೆಯಿತ್ತು. ತಗ್ಗಿದ ದನಿಯಲ್ಲಿ, ಈ ಕಲೆಯ ಮೇಲೆ ಬೆಳಿಗ್ಗೆಯಿಂದ ನಲವತ್ತೊಂದು ಸಲ ಕೈಯಿಟ್ಟಿದ್ದೇನೆ, ಆದರೆ ನಮೂನೆಯಲ್ಲಿ ಕುರ್ಚಿ ಇದೆಯೇ ಎಂದಷ್ಟೇ ಕೇಳಿದ್ದಾರೆ, ಯಾರದೆಂದು ಕೇಳಿಲ್ಲ ಎಂದರು. ಆಮೇಲೆ ಅವರು ಖಾಲಿ ಸಾಲಿನ ಮೇಲೆ ಪೆನ್ನಿಟ್ಟರು.

“ನಲವತ್ತು ಮನೆಯವರು ಚೆನ್ನಾಗಿದ್ದೇವೆ ಅಂದಿದ್ದಾರೆ. ಒಬ್ಬರು ಬೇರೆ ಹೇಳಿದರೂ ಸಾಕು, ವಿಷಯ ಪಟ್ಟಿಗೆ ಹೋಗುತ್ತೆ. ಅದನ್ನು ನಾನು ಹೇಳಿಸೋ ಹಾಗಿಲ್ಲ, ನೀವೇ ಹೇಳಬೇಕು. ಹೇಳಿ ತಾಯಿ, ಬರ್ಕೊಳ್ತೀನಿ.”

ಕೆಂಚವ್ವನಿಗೆ ಎಲ್ಲವೂ ಗೊತ್ತಿತ್ತು. ಆ ಒಂದು ಸಾಲಿಗಾಗಿಯೇ ಮೂರು ವರ್ಷ ಮನೆಮನೆ ಅಲೆದವಳು ಆಕೆ. ಐದು ಸಾವಿರ ಜನರನ್ನು ನಿಲ್ಲಿಸಿದವಳು. ಇನ್ನೂರು ಹೆಜ್ಜೆ ದೂರದಲ್ಲಿ ಶಾಲೆಯ ವಿಶ್ರಾಂತಿಯ ಗಂಟೆ ಹೊಡೆದದ್ದು ನಮಗೆಲ್ಲ ಕೇಳಿಸಿತು. ಆಕೆ ಬಾಗಿಲಲ್ಲಿ ನಿಂತ ನಮ್ಮನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ತಟ್ಟೆಯೆದುರು ಅತಿಥಿ ಕೂತಿದ್ದರು, ಇನ್ನೂ ಒಂದು ತುತ್ತೂ ಎತ್ತಿರಲಿಲ್ಲ. ಆಕೆಯ ತುಟಿ ಒಮ್ಮೆ ಅಲುಗಿತು. ನಾನು ನ್ಯಾಯವಾಗಿ ಹೇಳುತ್ತೇನೆ, ಆಕೆ ಪ್ರಯತ್ನಪಟ್ಟಳು.

“ನಮಗೇನು ಕಮ್ಮಿ ಆಗೇತ್ರಿ, ತಾಯಿ. ಅನ್ನ ಆರತೈತಿ, ಊಟ ಮಾಡ್ರಿ.”

ಕಣ್ಸಾಕ್ಷಿ ಊಟ ಮಾಡಿದರು. ತಟ್ಟೆಯಲ್ಲಿ ಒಂದಗುಳೂ ಬಿಡಲಿಲ್ಲ. ಕೈ ತೊಳೆದು, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು, ಕೆಂಚವ್ವನಿಗೆ ಕೈಮುಗಿದು ಹೋದರು. ಎರಡು ವಾರಕ್ಕೆ ವರದಿ ಬಂತು. ನಲವತ್ತೊಂದು ಮನೆಗಳಲ್ಲಿ ನಲವತ್ತೊಂದು ತೇಗದ ಕುರ್ಚಿ, ಇನ್ನೂರ ನಲವತ್ತಾರು ಸ್ಟೀಲು ಲೋಟ. ಎತ್ತಿದ ವಿಷಯ ಕಂಡುಬಂದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಂಡದ್ದನ್ನು ಬರೆದರು, ನಾವು ಕಾಣಿಸಿದ್ದನ್ನು ಕಂಡರು. ಆ ದಿನದಿಂದ ನಮ್ಮ ಸಾಲಿನಲ್ಲಿ ಕುರ್ಚಿಯ ಮಾತು ಯಾರೂ ಎತ್ತಿಲ್ಲ. ದಾದಾಪೀರ ಅದರ ಮೇಲೊಂದು ಗೋಣಿಚೀಲ ಹೊದಿಸಿದ. ತಾನೂ ಕೂರುವುದಿಲ್ಲ, ಯಾರಿಗೂ ಕೊಡುವುದಿಲ್ಲ.

ಇದಾಗಿ ನಾಲ್ಕು ವರ್ಷ. ಇನ್ನು ಇಪ್ಪತ್ತಾರು ವರ್ಷ ಯಾರೂ ಆ ವಿಷಯ ಎತ್ತುವಂತಿಲ್ಲ. ಕೆಂಚವ್ವನಿಗೆ ಈಗ ಅರವತ್ತೇಳು, ಕೂಡಿಸಿ ನೋಡಲು ಬಿ.ಎ. ಬೇಕಿಲ್ಲ. ಅಡುಗೆಮನೆಯನ್ನು ಹೋದ ವರ್ಷ ಸರಳ ಜೀವನದ ವಸ್ತುಸಂಗ್ರಹಾಲಯ ಮಾಡಿದರು. ಅನ್ನ ಬೇಯಿಸುತ್ತಿದ್ದ ದೊಡ್ಡ ಪಾತ್ರೆಯನ್ನು ಗಾಜಿನೊಳಗೆ ಇಟ್ಟಿದ್ದಾರೆ. ‘ಹಿಂದಿನವರು ಒಟ್ಟಿಗೆ ಉಣ್ಣುತ್ತಿದ್ದರು’ ಎಂದು ಅದರ ಕೆಳಗೆ ಬರೆದಿದೆ. ಶಾಲೆಯ ಮಕ್ಕಳನ್ನು ವಿಶ್ರಾಂತಿಯ ಹೊತ್ತಿಗೆ ಅದನ್ನು ನೋಡಲು ಕರೆದೊಯ್ಯುತ್ತಾರೆ.

ನಿಮ್ಮ ಕಾಲದಲ್ಲಿ ಆ ಪದ ಇನ್ನೂ ನಿವೃತ್ತಿಯಾಗಿಲ್ಲ ಎಂದು ನನ್ನ ಪಠ್ಯಪುಸ್ತಕದಿಂದ ಬಲ್ಲೆ. ನಿಮ್ಮ ಕರಪತ್ರಗಳಲ್ಲಿ ಅದಿದೆ, ಸಭೆಗಳಲ್ಲೂ ಆಗಾಗ ಕೇಳಿಬರುತ್ತದಂತೆ. ಅದಿನ್ನೂ ಇರುವಾಗಲೇ ಒಂದು ಕೋರಿಕೆ. ಸಭೆ ಮಾಡಿ ಎಂದಲ್ಲ, ಮೆರವಣಿಗೆ ಮಾಡಿ ಎಂದಲ್ಲ, ಅವನ್ನೆಲ್ಲ ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಐದು ಸಾವಿರ ಜನ ಒಟ್ಟಾಗಿ ನಿಂತು ಕೂಗುವುದು ಸುಲಭವೆಂದು ನನಗೆ ಈಗ ತಿಳಿದಿದೆ. ನಿಮ್ಮ ಮನೆಯೊಳಗೆ, ನಿಮ್ಮ ನೆರೆಯವರ ಎದುರು, ನಿಮ್ಮ ಅನ್ನ ಉಣ್ಣುತ್ತಿರುವವರಿಗೆ ಅದನ್ನು ಒಬ್ಬರೇ ಹೇಳುವುದು ಕಷ್ಟ. ಅದನ್ನು ಕಲಿಯಿರಿ. ಕಲಿತು ಮಕ್ಕಳಿಗೆ ಕಲಿಸಿ, ಅವರು ಅವರ ಮಕ್ಕಳಿಗೆ ಕಲಿಸಲಿ, ಅಷ್ಟು ತಲೆಮಾರು ದಾಟಿ ನಮ್ಮ ಸಾಲಿಗೆ ಅದು ಬರಲಿ. ಬರಲಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಇಷ್ಟು ಬರೆದು ಮುಗಿಸುವಷ್ಟರಲ್ಲಿ ಕೆಂಚವ್ವ ಬಂದಳು. ಯಾರಿಗೆ ಬರೆಯುತ್ತಿದ್ದೀಯೆಂದು ಕೇಳಿದಳು. ನೂರ ನಲವತ್ತು ವರ್ಷದ ಹಿಂದಿನವರಿಗೆ ಎಂದೆ. ಅವರೆಲ್ಲ ಈಗ ಇದ್ದಾರೇನು ಎಂದಳು. ಒಬ್ಬರೂ ಉಳಿದಿಲ್ಲ ಕೆಂಚಕ್ಕ ಎಂದೆ. ನಮ್ಮ ಸಾಲಿಗೆ ಬರುವವರಲ್ಲವಲ್ಲ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡಳು. ಬರುವವರಲ್ಲ ಎಂದೆ. ಆಕೆ ಎದ್ದು ಹೋಗಿ ಬಾಗಿಲು ಹಾಕಿ ಬಂದು ನನ್ನೆದುರು ನೆಲದ ಮೇಲೆ ಕೂತಳು.

“ಹಂಗಾರ ಬರಿ. ನನ್ನ ಮನ್ಯಾಗ ನಿನ್ನೆಯಿಂದ ಒಲಿ ಹಚ್ಚಿಲ್ಲ. ಅವತ್ತೂ ಏನೂ ಇರಲಿಲ್ಲ. ನಾನು ಬಡವಿ. ನಮ್ಮ ಸಾಲಿನ ಹುಡುಗ್ರು ಮಧ್ಯಾಹ್ನ ಉಣ್ಣಾಂಗಿಲ್ಲ. ಆ ಅಡಿಗಿ ಮನಿ ಬಾಗ್ಲ ತಗಸ್ರಿ.”

ಹೇಳಿದ ಹಾಗೆ ಬರೆದಿದ್ದೇನೆ. ಓದಿ ಹೇಳು ಎಂದಳು, ಓದಿದೆ. ಮೆಲ್ಲಗೆ ಓದು ಎಂದಳು; ಮೆಲ್ಲಗೆ ಓದಿದೆ. ಕೆಳಗೆ ಆಕೆಯ ಹೆಬ್ಬೆಟ್ಟಿದೆ. ಇದನ್ನು ಕೊಡಬೇಕಾದ ಕಚೇರಿ ನಮ್ಮಲ್ಲಿಲ್ಲವಾದ್ದರಿಂದ ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ. ಏನು ಮಾಡಬೇಕೆಂದು ತೋಚದಿದ್ದರೆ ಸುಮ್ಮನೆ ಇಟ್ಟುಕೊಳ್ಳಿ. ಇನ್ನೇನಾದರೂ ಸೇರಿಸಬೇಕೇ ಎಂದು ಕೇಳಿದ್ದಕ್ಕೆ ಆಕೆ ಸ್ವಲ್ಪ ಯೋಚಿಸಿ, ಅಷ್ಟು ದೂರ ಇದ್ದಾರೆ, ಬರೀ ನಮ್ಮದೇ ಹೇಳಿಕೊಂಡರೆ ಹೇಗೆ, ಅವರದು ಊಟ ಆಯಿತೇನು ಕೇಳು ಎಂದಳು.

ನಿಮ್ಮದು ಊಟವಾಯಿತೇ?

ಇಂತಿ,
ಹಾಲೇಶ, ಬಿ.ಎ.